ಒಡೆಯರ ವಂಶದಲ್ಲಿ ಮೀನಿಲ್ಲ

ಪ್ರಶ್ನೆ ಬಂದರೆ ಆದಿಕಾಂಡದಿಂದಲೇ ಬರುತ್ತದೆ ಎಂದು ಲವಿನಿಯಾ ಎಣಿಸಿದ್ದಳು. ಆರು ದಿನದ ಸೃಷ್ಟಿ, ಮಣ್ಣಿನ ಆದಾಮ, ಪಕ್ಕೆಲುಬು, ಎಲ್ಲಕ್ಕೂ ಉತ್ತರ ಹೊಂದಿಸಿಕೊಂಡು, ಹಿರಿಯರೆದುರು ಮರ್ಯಾದೆಗೆಂದು ಸೊಂಟಕ್ಕೆ ಉಡುವ ಚಾಪೆಗಳಲ್ಲಿ ಇದ್ದುದರಲ್ಲೇ ಒಳ್ಳೆಯದನ್ನು ಸುತ್ತಿಕೊಂಡು, ದ್ವೀಪರಾಜ್ಯದ ರಾಜಧಾನಿ ನುಕುಅಲೋಫಾದ ದೇವಶಾಸ್ತ್ರ ಕಾಲೇಜಿನ ಮಂಡಳಿಯ ಮುಂದೆ ಪರೀಕ್ಷಾ ಪಾಠಕ್ಕೆ ನಿಂತಿದ್ದಳು.

ಈ ಕಾಯಂ ಕೆಲಸ ತಪ್ಪಿದರೆ ಬೇರೆ ಬಾಗಿಲೇ ಇರಲಿಲ್ಲ. ಮೀನಿನ ಭ್ರೂಣಗಳ ಮೇಲೆ ಡಾಕ್ಟರೇಟ್ ಪಡೆದವಳು ಆಮೇಲೆ ದೇವಶಾಸ್ತ್ರವನ್ನೂ ಓದಿದ್ದೇ ತಪ್ಪಾಗಿತ್ತು. ಅವಳ ಬರಹದಲ್ಲಿ ಪ್ರಾರ್ಥನೆಯ ವಾಸನೆ ಬರುತ್ತದೆ ಎಂದರು ವಿಶ್ವವಿದ್ಯಾಲಯದವರು. ಫಾರ್ಮಲಿನ್ ವಾಸನೆ ಎಂದರು ಚರ್ಚಿನವರು. ಅತ್ತ ದರಿ, ಇತ್ತ ಪುಲಿ. ಎರಡಕ್ಕೂ ಸೇತುವೆ ಕಟ್ಟುತ್ತೇನೆಂದು ಹೊರಟವಳಿಗೆ ಇದೇ ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ ಹೇಳುತ್ತಲೇ ತಲೆ ನರೆತಿತ್ತು.

ಪಾಠ ಚೆನ್ನಾಗಿಯೇ ಆಯಿತು. ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಕತ್ತಿನ ಬಳಿ, ಮೀನಿನಲ್ಲಿ ಕಿವಿರಾಗುವಂಥದೇ ಮಡಿಕೆಗಳು ಮೂಡುವುದನ್ನು ತೋರಿಸಿದಳು. ದೇವರ ಕೈಕೆಲಸಕ್ಕೆ ಅವಸರವಿಲ್ಲ ಎಂದಳು. ಮುದಿ ಪಾದ್ರಿಯೊಬ್ಬರು ಕಣ್ಣೊರೆಸಿಕೊಂಡರು. ಕೊನೆಗೆ, "ನಮ್ಮೆಲ್ಲರ ತುಪುಆಂಗ ಮೀನಿನಲ್ಲೇ ಇದೆ" ಎಂದು ಮುಗಿಸಿದಳು.

ಮಂಡಳಿಯ ಅಧ್ಯಕ್ಷ ಮೊಸೇಸೆ ಗಂಟಲು ಸರಿಮಾಡಿಕೊಂಡ. ಕಾಲೇಜಿಗೆ ಜಾಗ ಕೊಟ್ಟ ಒಡೆಯರ ಪರವಾಗಿ ಸಭೆಯಲ್ಲಿ ಮಾತಾಡುವವನು ಅವನೇ.

"ಚೆನ್ನಾಗಿತ್ತು ಮಗಳೇ. ಆದ್ರೆ 'ನಮ್ಮೆಲ್ಲರ' ಅಂದ್ಯಲ್ಲ, ಅದ್ರೊಳಗೆ ಒಡೆಯರೂ ಬಂದ್ರಾ?"

ಲವಿನಿಯಾ ನಾಲಿಗೆ ಕಚ್ಚಿಕೊಂಡಳು. ತುಪುಆಂಗ ಎಂದರೆ ಹುಟ್ಟಿದ ಮೂಲ, ವಂಶವೂ ಅದೇ. ಹಬ್ಬದೂಟದಲ್ಲಿ ಹಂದಿಯ ಯಾವ ಭಾಗ ಯಾರಿಗೆ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ; ಒಡೆಯರದೂ ಸಾಮಾನ್ಯರದೂ ಒಂದೇ ಎನ್ನುವಂತಿಲ್ಲ. ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲೇ ಯೋಚಿಸಿದ್ದಕ್ಕೆ ಇದು ಹೊಳೆದಿರಲಿಲ್ಲ.

"ಇದು ಜೀವಶಾಸ್ತ್ರ, ಮಾವ. ಒಡೆಯರಾದ್ರೂ ತಾಯಿ ಹೊಟ್ಟೇಲಿದ್ದಾಗ..."

"ಅಯ್ಯಯ್ಯೋ, ಒಡೆಯರ ತಾಯಿ ಹೊಟ್ಟೆ ವಿಷ್ಯಕ್ಕೆ ಹೋಗ್ಬೇಡ!"

ಎಲ್ಲರೂ ನಕ್ಕರು. ಮೊಸೇಸೆಯೂ ನಕ್ಕ. ಅವನಲ್ಲಿ ಸಿಟ್ಟೇ ಇರಲಿಲ್ಲ. ಅದೇ ಅವಳನ್ನು ಕಂಗೆಡಿಸಿತು.

"ನೋಡು, ಆದಾಮನ ತಕರಾರು ನೀನೂ ದೇವ್ರೂ ಬಗೆಹರಿಸ್ಕೊಳ್ಳಿ. ನಮ್ಮಂಥ ಸಾಮಾನ್ಯರು ಮೀನಿಂದ ಬಂದ್ವಿ ಅಂತ ಧಾರಾಳವಾಗಿ ಪಾಠ ಹೇಳು. ನಮ್ಮತ್ತೆ ಮುಖ ನೋಡ್ದಾಗೆಲ್ಲ ನಂಗೂ ಹಾಗೇ ಅನ್ಸಿದೆ. ಒಡೆಯರನ್ನ ಮಾತ್ರ ಬಿಟ್ಬಿಡು. ಇವತ್ತಿಂದ್ಲೇ ಕೆಲಸ ನಿಂದು."

ಮೂಲೆಯಲ್ಲಿ ಕೂತಿದ್ದ ಪ್ರಾಂಶುಪಾಲ ಸೆಮಿಸಿ, ಒಪ್ಪಿಕೋ ಒಪ್ಪಿಕೋ ಎಂದು ಹುಬ್ಬು ಹಾರಿಸಿದರು.

ಲವಿನಿಯಾ ಒಪ್ಪುವುದಕ್ಕೆಂದೇ ಬಾಯಿ ತೆರೆದಳು. ಕಾಯಂ ಕೆಲಸ, ಸ್ವಂತದೊಂದು ಕೋಣೆ, ಬಾಗಿಲ ಮೇಲೆ ಹೆಸರು. ಆದರೆ ತರಗತಿಯಲ್ಲಿ ಸಾಮಾನ್ಯರ ಕೂಸಿಗೆ ಮಡಿಕೆ ಉಂಟು, ಒಡೆಯರ ಕೂಸಿಗಿಲ್ಲ ಎಂದು ಹೇಳುವ ತನ್ನ ದನಿ ಕಿವಿಗೆ ಕೇಳಿಸಿದಂತಾಗಿ, ಬಾಯಿಂದ ಬೇರೆಯೇ ಮಾತು ಬಂತು.

"ಹಾಗಾದ್ರೆ ಬಡಗಿ ಮನೇಲಿ ಬೆಳೆದ ಯೇಸುನ ಎಲ್ಲಿ ಸೇರಿಸ್ಲಿ ಮಾವ? ಮೀನಿನ ಕಡೆಗೋ, ಒಡೆಯರ ಕಡೆಗೋ?"

ಯಾರೂ ನಗಲಿಲ್ಲ. ಮೊಸೇಸೆ ಕೈಯಲ್ಲಿದ್ದ ಬೀಸಣಿಗೆಯನ್ನು ತೊಡೆಯ ಮೇಲಿಟ್ಟ.

"ಪ್ರಾರ್ಥನೆ ಮಾಡಿ ಮುಗ್ಸೋಣ."

ಹೊರಗೆ ದೀವಿಹಲಸಿನ ಮರದಡಿ ಸೆಮಿಸಿ ಓಡೋಡಿ ಬಂದರು. "ಒಂದೇ ಒಂದು ಪದ ನುಂಗ್ಕೊಂಡಿದ್ರೆ ಗಂಟೇನು ಹೋಗ್ತಿತ್ತು ತಂಗಿ?"

"ಆದಿಕಾಂಡಕ್ಕೋಸ್ಕರ ಬೇಡ ಅಂದಿದ್ರೆ ತಡ್ಕೋತಿದ್ದೆ ಅಣ್ಣ. ಅದಕ್ಕಂತ್ಲೇ ಆಯಸ್ಸೆಲ್ಲ ಓದಿದ್ದೀನಿ. ಇದಕ್ಕೆ ಏನು ಓದ್ಕೊಂಡು ಬರ್ಲಿ, ಹೇಳಿ?"

ಸೆಮಿಸಿ ಮಾತು ಬದಲಿಸಿದರು. "ಸೋಮವಾರ ಎಂದಿನ ಗಂಟೆ ಪಾಠಕ್ಕೆ ಬರ್ತೀಯ ತಾನೇ?"

"ಬರದೇ ಇನ್ನೆಲ್ಲಿಗೆ ಹೋಗ್ಲಿ?" ಎಂದಳು ಲವಿನಿಯಾ. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿತ್ತು.