ಬ್ಲಾಕ್ ಮಾಡಿದ ಸೀಟು

ನನ್ನ ನಾಲಿಗೆ ಉದ್ದ ಎಂದು ಇಡೀ ಬಳಗಕ್ಕೇ ಗೊತ್ತು. ಅದನ್ನು ತುಂಬಿದ ಮದುವೆಮನೆಯಲ್ಲಿ ಅಮ್ಮನಿಗೆ ಹೇಳಿದವಳು ಮಾತ್ರ ದೊಡ್ಡಮ್ಮ, ಅಮ್ಮನ ಒಡಹುಟ್ಟಿದ ಅಕ್ಕ. "ನೀನೇ ತಲೆ ಮೇಲೆ ಕೂರಿಸ್ಕೊಂಡು ಹಾಳು ಮಾಡಿದೀಯ," ಎಂದೂ ಸೇರಿಸಿದಳು. ಅಮ್ಮ ಅರ್ಧ ಊಟಕ್ಕೇ ಎದ್ದು ನನ್ನನ್ನು ದರದರ ಎಳೆದುಕೊಂಡು ಬಂದಳು. ನನಗೆ ಇನ್ನೂ ಹಸಿವಿತ್ತು, ಯಾರು ಕೇಳುತ್ತಾರೆ?

ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ. ಬಿಟ್ಟಿರಲು ಇಬ್ಬರಿಗೂ ಆಗದು, ಆದರೆ ಮೊದಲು ಫೋನ್ ಮಾಡುವವರು ಯಾರು? ಜಂಬದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು.

ಅಮ್ಮ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕವಳಿದ್ದಾಗ ಕಿಟಕಿ ಪಕ್ಕದ ಸೀಟಿಗಾಗಿ ಅಕ್ಕನ ಜಡೆ ಎಳೆದು ಜಗಳವಾಡುತ್ತಿದ್ದವಳು, ಒಮ್ಮೆಯೂ ಬಿಟ್ಟುಕೊಟ್ಟವಳಲ್ಲ; ಈಗ ದಿನವಿಡೀ ಗಾಜಿನ ಹಿಂದೆ ಕೂತು ಆ ಸೀಟುಗಳನ್ನು ಊರಿಗೆಲ್ಲ ಹಂಚುತ್ತಾಳೆ. ಮನೆಗೆ ಬಂದರೆ ಸುಮ್ಮನೆ ಗೋಡೆ ನೋಡುತ್ತಾ ಕೂರುವುದು. ನೋಡಲಾರದೆ ಅವಳ ಮೊಬೈಲಿಗೆ ಒಂದು ಜೀಪಿನ ಆಟ ಹಾಕಿಕೊಟ್ಟೆ. ನಾಲ್ಕು ಜನ ತಂತಮ್ಮ ಮನೆಯಲ್ಲೇ ಕೂತು ಒಂದೇ ಜೀಪಿನಲ್ಲಿ ಹೋಗುವ ಆಟ. ಒಬ್ಬರು ಓಡಿಸಬೇಕು, ಉಳಿದವರು ದಾರಿಯಲ್ಲಿನ ಹಳ್ಳ, ಬಂಡೆ ನೋಡಿ ಚಾಟಿನಲ್ಲಿ ಎಚ್ಚರಿಸಬೇಕು. ವಾರ ತುಂಬುವಷ್ಟರಲ್ಲಿ ಅಮ್ಮ ನನ್ನ ಮಾನ ಕಳೆಯುವಷ್ಟು ಚೆನ್ನಾಗಿ ಓಡಿಸತೊಡಗಿದಳು.

ಒಂದು ಸಂಜೆ ಆಟದಲ್ಲಿ ಫ್ರೆಂಡ್ ಆಗಬೇಕೆಂದು ಒಂದು ಹೆಸರು ಬಂತು: ಡುಮ್ಮಕ್ಕ. ಅಮ್ಮನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಅಕ್ಕನನ್ನು ಹಾಗೆ ಕರೆಯುತ್ತಿದ್ದವಳು ಪ್ರಪಂಚದಲ್ಲಿ ಇವಳೊಬ್ಬಳೇ. ಅಮ್ಮ ಆಡುತ್ತಾಳೆಂದು ದೊಡ್ಡಮ್ಮನಿಗೆ ಹೇಗೆ ತಿಳಿಯಿತು ಅಂತೀರಾ? ಅವಳ ಮಗಳಿಗೆ ನಾನೇ ಹೇಳಿದ್ದೆ. ಉದ್ದ ನಾಲಿಗೆ ಒಮ್ಮೊಮ್ಮೆ ಉಪಯೋಗಕ್ಕೂ ಬರುತ್ತದೆ.

ಮೊದಮೊದಲು ಚಾಟಿನಲ್ಲಿ ಬರೀ "ಬಂಡೆ", "ಎಡಕ್ಕೆ", "ಹಳ್ಳ ಹಳ್ಳ". ಆಮೇಲೆ "ನಿಧಾನ ಕಣೇ". ಒಂದು ದಿನ "ಮಂಡಿ ನೋವು ಹೇಗಿದೆ?" ಎಂದು ಬಂತು. "ನೋಡು, ಕೇಳಿದಾಳೆ," ಎಂದು ನನಗೆ ತೋರಿಸಿದ ಅಮ್ಮ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಭಾನುವಾರ ಆಟದಲ್ಲಿ ದೊಡ್ಡ ಓಟವಿತ್ತು. "ಬರ್ತೀಯಾ?" ಎಂದು ಅಮ್ಮ ಬರೆದಳು. "ನನ್ನ ಜಾಗ ಇಟ್ಕೊಂಡಿರು," ಎಂದು ಉತ್ತರ ಬಂತು.

ಅಷ್ಟೇ. ಮರುದಿನದಿಂದ ಡುಮ್ಮಕ್ಕ ಮಾಯ. ಹೆಸರೂ ಇಲ್ಲ, ಚಾಟೂ ಇಲ್ಲ.

"ಮತ್ತೆ ಮುಖ ಊದಿಸ್ಕೊಂಡ್ಲು. ನಾನೇನ್ ಅಂದೆ ಅಂತ?" ಎಂದಳು ಅಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. ದೊಡ್ಡಮ್ಮನಿಗೆ ನಾಲ್ಕು ಮಾತು ಕಳಿಸೋಣವೆಂದು ಮೊಬೈಲ್ ಕಿತ್ತುಕೊಂಡು ಹುಡುಕಿದೆ. ಸಿಕ್ಕಿತು ಹೆಸರು, ಸಿಗಬಾರದ ಕಡೆ.

"ಅಮ್ಮಾ! ನೀನೇ ದೊಡ್ಡಮ್ಮನ್ನ ಬ್ಲಾಕ್ ಮಾಡಿದೀಯಲ್ಲ!"

"ಹೂಂ, ಮಾಡ್ದೆ. ಜಾಗ ಇಟ್ಕೊಂಡಿರು ಅಂದ್ಲಲ್ಲ. ಅವಳ ಹೆಸರು ಒತ್ತಿದೆ, ಬ್ಲಾಕ್ ಅಂತ ಬಂತು, ಅದನ್ನೂ ಒತ್ತಿದೆ. ಭಾನುವಾರ ರಶ್ಶು ಇರುತ್ತೆ, ಬೇರೆ ಯಾರಾದ್ರೂ ಬಂದು ಕೂತ್ಕೊಂಡ್ರೆ?"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕೌಂಟರಿನಲ್ಲಿ ಸೀಟು ಬ್ಲಾಕ್ ಮಾಡುವುದೆಂದರೆ ಬೇಕಾದವರಿಗೆ ಹಿಡಿದಿಡುವುದು, ಇನ್ನಾರಿಗೂ ಮಾರದಿರುವುದು. ಅಮ್ಮ ಪಾಪ, ಅಕ್ಕನಿಗೆ ದೊಡ್ಡ ಮರ್ಯಾದೆಯನ್ನೇ ಮಾಡಿದ್ದಳು.

"ಅಮ್ಮಾ, ಇಲ್ಲಿ ಬ್ಲಾಕ್ ಅಂದ್ರೆ ಟೂ ಬಿಡೋದು!"

ಅಮ್ಮನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಮತ್ತೆ ಬರಲ್ಲ ಕಣೇ ಅವಳು," ಎಂದು ಕುರ್ಚಿಯ ಮೇಲೆ ಕುಸಿದಳು. ಬ್ಲಾಕ್ ತೆಗೆದು, ಫ್ರೆಂಡ್ ಆಗೆಂದು ನಾವೇ ಕೇಳಿದೆವು. ಉತ್ತರವಿಲ್ಲ. ದೊಡ್ಡಮ್ಮನ ಮಗಳನ್ನು ವಿಚಾರಿಸಿದೆ. "ಅಮ್ಮ ಆಟಾನೇ ತೆಗೆದುಹಾಕಿದಾಳೆ. ಬಾ ಅಂತ ಕರೆದು ಬಾಗಿಲು ಹಾಕ್ಕೊಂಡ್ಲು ಅಂತ ಅಳ್ತಿದಾಳೆ," ಎಂದಳು.

ಇನ್ನು ಫೋನ್ ಮಾಡದೆ ದಾರಿಯಿರಲಿಲ್ಲ. ಅಮ್ಮ ಮೊಬೈಲನ್ನು ನನ್ನ ಕೈಗೆ ತುರುಕಿದಳು, ನಾನೇ ಸ್ಪೀಕರ್ ಹಾಕಿ ಮಾಡಿದೆ.

"ದೊಡ್ಡಮ್ಮಾ, ಉದ್ದ ನಾಲಿಗೆಯವಳು ಮಾತಾಡ್ತಿದೀನಿ, ಫೋನ್ ಇಡಬೇಡಿ. ನಿಮ್ಮ ತಂಗಿ ನಿಮಗೆ ಸೀಟು ಹಿಡಿಯೋಕೆ ಹೋಗಿ ಬ್ಲಾಕ್ ಒತ್ತಿದಾಳೆ. ಕೌಂಟರ್ ಬುದ್ಧಿ, ಏನ್ ಮಾಡೋದು ಹೇಳಿ!"

ಅಮ್ಮ ಫೋನ್ ಕಿತ್ತುಕೊಂಡಳು. ದೊಡ್ಡಮ್ಮನೇ ಮೊದಲು ಮೂಗೊರೆಸಿಕೊಳ್ಳುತ್ತಾ ಕೇಳಿದಳು.

"ಜಾಗ ಇನ್ನೂ ಇದೆಯೇನೇ?"

"ಇದೆ."

"ಕಿಟಕಿ ಪಕ್ಕದ್ದಾ?"

"ಕಿಟಕಿ ಪಕ್ಕದ್ದೇ ಕಣೇ, ಡುಮ್ಮಕ್ಕ," ಎಂದಳು ಅಮ್ಮ. "ಯಾರಿಗೂ ಕೊಟ್ಟಿಲ್ಲ."