ಬಡಾವಣೆಯ ಚರಗ

ಯಾದಗಿರಿಯ ಅಂಚಿನಲ್ಲಿ, ಭೀಮಾ ನದಿಯ ದಂಡೆಗೆ ಹತ್ತಿಕೊಂಡಿರುವ ಬಡಾವಣೆಯಲ್ಲಿ ಮನೆ ಮಾಡುವುದು ಈಗ ಅನುಕೂಲಸ್ಥರೆಲ್ಲರ ಅಪೇಕ್ಷೆ. ಸುರಪುರ, ಶಹಾಪುರಗಳ ವ್ಯಾಪಾರಸ್ಥರೂ ವೈದ್ಯರೂ ಮಕ್ಕಳ ಶಾಲೆಯ ಸಲುವಾಗಿ ಇಲ್ಲಿಗೆ ಬಂದು ನೆಲೆಸಿದ್ದಾರೆ. ನದಿಯ ಕಡೆಗೆ ಎದೆಮಟ್ಟದ ಗೋಡೆ, ಅದರ ಗುಂಟ ನಡೆದಾಡುವ ಹಾದಿ, ನಡುವೆ ಜೋಕಾಲಿಗಳಿರುವ ಉದ್ಯಾನ. ಸಂಜೆಯಾದರೆ ಮಕ್ಕಳ ಸೈಕಲ್ಲುಗಳಿಗೆ ರಸ್ತೆ ಸಾಲದು. ಇಷ್ಟೆಲ್ಲ ಎದ್ದು ನಿಂತಿರುವ ನೆಲ ಹಿಂದೆ ದೇವಕ್ಕನ ಹೊಲವಾಗಿತ್ತು. ಗಂಡ ಬದುಕಿದ್ದಾಗಲೇ ಅದನ್ನು ಒಳ್ಳೆಯ ಬೆಲೆಗೆ ಮಾರಿ, ಒಂದು ನಿವೇಶನ ಉಳಿಸಿಕೊಂಡು ಕಟ್ಟಿಸಿದ ಮಹಡಿ ಮನೆಯಲ್ಲಿ ಆಕೆ ಮಗ, ಸೊಸೆ, ಮೊಮ್ಮಕ್ಕಳೊಡನೆ ಇದ್ದಾಳೆ. ಮಾರಿದ್ದಕ್ಕೆ ವ್ಯಥೆಯಿಲ್ಲ. ನೀರು ಅಡುಗೆಮನೆಗೇ ಬರುತ್ತದೆ, ಹಾವಿನ ಭಯ ತಪ್ಪಿತು ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಒಂದನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. ಎಳ್ಳಮಾವಾಸ್ಯೆಯ ದಿನ ಸಜ್ಜೆಯ ಕಡುಬು, ಕಾಳು-ಸೊಪ್ಪುಗಳ ಭಜ್ಜಿ ಪಲ್ಯ, ಅನ್ನ ಕಲಸಿ, ಆ ಚರಗವನ್ನು ಭೂಮಿತಾಯಿಯ ಊಟವೆಂದು ಹೊಲದ ಸುತ್ತ ಚೆಲ್ಲುವುದು ಈ ಸೀಮೆಯ ಪದ್ಧತಿ. ಹೊಲ ಹೋದ ಮೇಲೂ ದೇವಕ್ಕ ಹಳೆಯ ಬದುಗಳನ್ನು ನೆನಪಿನಿಂದ ಹಿಡಿದು, ಬಡಾವಣೆಯ ರಸ್ತೆಗಳಲ್ಲಿ ಚರಗ ಚೆಲ್ಲುತ್ತ ಸುತ್ತು ಬರುತ್ತಿದ್ದಳು. ಕಳೆದ ವರ್ಷ ಆ ಅನ್ನಕ್ಕೆ ನಾಯಿಗಳು ಮುಗಿಬಿದ್ದು ಕಚ್ಚಾಡಿದವು; ಶಾಲೆಯ ಬಸ್ಸಿಗೆ ನಿಂತಿದ್ದ ಹುಡುಗಿಯೊಬ್ಬಳು ಹೆದರಿ ಓಡಿ, ಬಿದ್ದು ಮೊಣಕಾಲು ಗಾಯ ಮಾಡಿಕೊಂಡಳು. ಹುಡುಗಿಯ ತಾಯಿ, ಮೂಲೆಮನೆಯ ಸೌಭಾಗ್ಯ, ಸಭೆಯಲ್ಲಿ ದೂರಿದಳು. ರಸ್ತೆಯಲ್ಲಾಗಲಿ ಉದ್ಯಾನದಲ್ಲಾಗಲಿ ಅನ್ನ ಚೆಲ್ಲಕೂಡದೆಂದು ನಿವಾಸಿಗಳ ಸಂಘ ನಿಯಮ ಮಾಡಿತು. ಸಂಘದ ಅಧ್ಯಕ್ಷ ದೇವಕ್ಕನ ಮಗ ಸಂಗಮನಾಥನೇ.

ಈ ಸಲದ ಅಮಾವಾಸ್ಯೆಯ ಮುಂಜಾನೆ, ಸಗರದಲ್ಲಿರುವ ಸೋದರಮಾವನ ಹೊಲಕ್ಕೆ ಕಾರಿನಲ್ಲಿ ಕರೆದೊಯ್ಯುವುದಾಗಿ ಅವನು ತಾಯಿಗೆ ಹೇಳಿದ. ಅಲ್ಲಿ ಎಷ್ಟು ಚೆಲ್ಲಿದರೂ ಕೇಳುವವರಿಲ್ಲ.

“ಉಂಡದ್ದು ಈ ಹೊಲದಾಗ, ಉಣಸೋದು ಸಗರದಾಗೇನು?” ಎಂದಳು ದೇವಕ್ಕ. “ನಿನ್ನ ನಿಯಮ ಎಲ್ಲಿತನಕ ಐತಿ, ಅದನ್ನ ಹೇಳು.”

ಕಾಂಪೌಂಡಿನ ಒಳಗೆ ಅವರವರ ಇಚ್ಛೆ ಎಂದು ಅವನು ಒಪ್ಪಿಕೊಂಡ. ದೇವಕ್ಕ ಬುಟ್ಟಿಯನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು. ಹಳೆಯ ಬದುವಿನ ಮೇಲೆ ನಿಂತ ಮನೆಗಳವರೆಲ್ಲ ತಮ್ಮ ತಮ್ಮ ಕಾಂಪೌಂಡಿನೊಳಗೆ ಚರಗ ಚೆಲ್ಲಲು ಒಪ್ಪಬೇಕು. ಒಬ್ಬರು ಒಲ್ಲೆನೆಂದರೂ ಸುತ್ತು ಕಡಿದುಹೋಗುತ್ತದೆ, ಕಡಿದ ಸುತ್ತು ಚರಗವಲ್ಲ. ಒಂದು ಕಾಲಕ್ಕೆ ತನ್ನದಾಗಿದ್ದ ನೆಲದಲ್ಲಿ ಗೇಟು ಗೇಟಿಗೆ ನಿಂತು ಕೇಳುವುದು ಆಕೆಗೆ ಸುಲಭವಿರಲಿಲ್ಲ.

ಮೊದಲು ನಜೀಮಾಳ ಮನೆಗೆ ಹೋದಳು. ಹೊಲದ ಬನ್ನಿಗಿಡ ಇದ್ದದ್ದು ಅಲ್ಲಿಯೇ. ನೆಲ ಈಗ ನಿಮ್ಮದು, ಆದ್ದರಿಂದ ಚೆಲ್ಲುವ ಕೈಯೂ ನಿಮ್ಮದಾಗಬೇಕೆಂದು ದೇವಕ್ಕ ವಿವರಿಸತೊಡಗಿದಳು. ವಿವರಣೆ ಬೇಕಾಗಲಿಲ್ಲ.

“ನಮ್ಮ ಅಬ್ಬಾನೂ ರಂಗಂಪೇಟಿ ಹೊಲದಾಗ ಚೆಲ್ಲತಿದ್ರು, ಅವ್ವಾರ,” ಎಂದು ನಜೀಮಾ ಆಕೆಯನ್ನು ಹಿತ್ತಲಿಗೆ ಕರೆದೊಯ್ದಳು. ಮೆಹಂದಿ ಗಿಡದ ಕೆಳಗೆ ಐದು ಕಲ್ಲುಗಳಿದ್ದವು. ಹೊಲವಿದ್ದಾಗ ಆ ಬನ್ನಿಗಿಡದ ಕೆಳಗೆ ಪ್ರತಿ ವರ್ಷ ದೇವಕ್ಕ ಸುಣ್ಣ ಬಳಿದು ಪೂಜಿಸುತ್ತಿದ್ದ ಕಲ್ಲುಗಳು. ಬುನಾದಿ ತೋಡುವಾಗ ಸಿಕ್ಕವಂತೆ. ಒಗೆಯಬಾರದೆಂದು ಮನೆ ಕಟ್ಟಿದ ಗೌಂಡಿ ಹೇಳಿದ್ದನಂತೆ. ದೇವಕ್ಕ ಕಲ್ಲುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಜೀಮಾ ಸೆರಗು ಹೊದ್ದು ಒಂದು ಹಿಡಿ ಚೆಲ್ಲಿದಳು.

ಅಲ್ಲಿಂದ ಮುಂದೆ ಯಾರೂ ಅಡ್ಡಿ ಮಾಡಲಿಲ್ಲ. ಒಬ್ಬ ದಂತವೈದ್ಯ ಮಾತ್ರ ಕೈಗವಸು ಹಾಕಿಕೊಳ್ಳಬಹುದೇ ಎಂದು ಕೇಳಿದ. ಕೂಡದೆಂದಾಗ ಬರಿಗೈಯಲ್ಲೇ ಚೆಲ್ಲಿದ. ಕೊನೆಗೆ ಉಳಿದದ್ದು ಸೌಭಾಗ್ಯಳ ಮನೆ.

“ನಾ ದೂರು ಕೊಟ್ಟೀನಂತ ಬೇಕಂತಲೇ ಬಂದೀರೇನ್ರಿ?” ಎಂದು ಆಕೆ ಗೇಟು ತೆರೆಯದೆಯೇ ಕೇಳಿದಳು.

“ಹೌದವ್ವ, ಬೇಕಂತಲೇ ಬಂದೀನಿ. ನಿನ್ನ ಮನಿ ಬಿಟ್ಟರ ಸುತ್ತು ಕೂಡಂಗಿಲ್ಲ.”

“ಮತ್ತ ನಾಯಿ ಬಂದರ?”

“ದಾಸಾಳದ ಬುಡಕ ಹಾಕಿ ಮಣ್ಣು ಮುಚ್ಚು. ಹೋದ ವರ್ಷ ನಾನೂ ಮುಚ್ಚಬೇಕಿತ್ತು. ನಿನ್ನ ಕೂಸು ಬಿದ್ದದ್ದು ನನಗ ಚಂದ ಅನಿಸಿಲ್ಲ.”

ಸೌಭಾಗ್ಯ ಗೇಟು ತೆರೆದಳು. ಮಣ್ಣು ಮುಚ್ಚಿ ಕೈ ತೊಳೆದ ಮೇಲೆ, ಉಣ್ಣಲಿಕ್ಕೆ ಭಜ್ಜಿ ಉಳಿದಿದೆಯೇ ಎಂದು ಸಂಕೋಚದಿಂದ ಕೇಳಿ, ಡಬ್ಬಿ ಹಿಡಿದು ಜೊತೆಗೇ ಬಂದಳು.

ಸುತ್ತು ಮುಗಿಯುವುದು ದೇವಕ್ಕನ ಮನೆಯಲ್ಲೇ. ಕಡೆಯ ಹಿಡಿಯನ್ನು ಆಕೆ ಮಗನ ಮುಂದೆ ಚಾಚಿದಳು. ಮನೆ ಈಗ ಅವನ ಹೆಸರಿನಲ್ಲಿತ್ತು. ಸಂಗಮನಾಥ ಅತ್ತಿತ್ತ ನೋಡಿ ಅವಸರದಿಂದ ಎಸೆದ. ಅರ್ಧದಷ್ಟು ಅನ್ನ ಕಾಂಪೌಂಡು ದಾಟಿ ರಸ್ತೆಗೆ ಬಿತ್ತು.

“ಅಧ್ಯಕ್ಷರ, ಅದು ರಸ್ತಾ ಅಲ್ಲೇನ್ರಿ?” ಎಂದಳು ಸೌಭಾಗ್ಯ.

ಅವನು ಕಸಬರಿಗೆ ತರಲು ಹೊರಟ. ಚರಗವನ್ನು ಕಸಬರಿಗೆಯಿಂದ ಮುಟ್ಟಬಾರದೆಂದು ದೇವಕ್ಕ ತಡೆದಳು. ಸಂಘದ ಅಧ್ಯಕ್ಷ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಅಗುಳುಗಳನ್ನು ಕೈಯಿಂದಲೇ ಆರಿಸಿ ತಂದು ಪೇರಲ ಗಿಡದ ಬುಡದಲ್ಲಿ ಮಣ್ಣು ಮುಚ್ಚಿದ. ಅದನ್ನು ಕೊನೆಯವರೆಗೂ ನಿಂತು ನೋಡಿದ ದೇವಕ್ಕ, ಬುಟ್ಟಿಯನ್ನು ಬೋರಲು ಮಾಡಿ ಕೊಡವಿ, ಸೌಭಾಗ್ಯಳ ಡಬ್ಬಿಗೆ ಭಜ್ಜಿ ತುಂಬಲು ಒಳಗೆ ಹೋದಳು.