ಟ್ರುಗನಿನಾದ ತವರು

ಕುರಿ, ಕುರಿ, ಮತ್ತೆ ಕುರಿ, ಬೆನ್ನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ, ಎಲ್ಲವೂ ಬೇಲಿಯ ಕಡೆ ಮುಖ ಮಾಡಿ ಮೇಯುತ್ತಿದ್ದರೆ ಅಲ್ಲೊಂದು ಮಾತ್ರ ತಿರುಗಿ ನಿಂತು ರೈಲನ್ನು ದುರುಗುಟ್ಟಿ ನೋಡುತ್ತಿದೆ, ಯಾರ ಮೇಲೋ ಸಿಟ್ಟು ಅದಕ್ಕೆ, ಇರಲಿ, ನನಗೂ ಇದೆ — ಶಾಂಭವಿ ಗಾಜಿಗೆ ಮೂಗು ಒತ್ತಿ ಉಸಿರು ಬಿಟ್ಟು ಆ ಮಂಜಿನ ಮೇಲೆ ಬೆರಳಿನಿಂದ ಕುರಿ ಬರೆಯುತ್ತಾಳೆ, ಐದು ಕಾಲಿನ ಕುರಿ, ಐದನೇದು ಟೇಲ್ ಅಮ್ಮಾ, ಯು ಡೋಂಟ್ ನೋ ಎನಿಥಿಂಗ್, ಆಯಿತು ತಾಯಿ, ನನಗೇನೂ ಗೊತ್ತಿಲ್ಲ, ಆರು ವರ್ಷಕ್ಕೇ ನಿನಗೆಲ್ಲ ಗೊತ್ತು. ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಲ್ಲಿ ಹತ್ತಿದಾಗಿನಿಂದ ಈ ಹುಡುಗಿ ನೆಟ್ಟಗೆ ಕೂತಿಲ್ಲ, ಸೀಟು ಹತ್ತಿ ಇಳಿದು, ಶೌಚಾಲಯದ ಬಾಗಿಲ ಗುಂಡಿ ಒತ್ತಿ ನೋಡಿ, ಕ್ಯಾಂಟೀನಿನವನ ಹೆಸರು ಕೇಳಿಕೊಂಡು ಬಂದು, ಪುಣ್ಯಾತ್ಗಿತ್ತಿ. ಮೆಲ್ಬರ್ನ್‌ಗೆ ಯಾರಾದ್ರೂ ಟ್ರೇನಲ್ಲಿ ಹೋಗ್ತಾರೇನೇ, ಫ್ಲೈಟ್ ಬುಕ್ ಮಾಡ್ಕೊಡ್ತೀನಿ ಅಂದ ಯೋಗೀಶ, ನನ್ನ ಗಂಡ, ದಾವಣಗೆರೆಯವನು, ಬೆಣ್ಣೆ ತಿಂದು ಬೆಳೆದವನಿಗೆ ಏನು ತಿಳಿಯಬೇಕು — ತವರಿಗೆ ಹೋಗುವವಳು ಹಾರಿಕೊಂಡು ಹೋಗುವುದಿಲ್ಲ, ನೆಲದ ಮೇಲೆ ಹೋಗುತ್ತಾಳೆ, ಕಿಟಕಿಗೆ ಜಗಳವಾಡಿ, ನಡುದಾರಿಯಲ್ಲಿ ಬುತ್ತಿ ಬಿಚ್ಚಿ, ದಾರಿ ಉದ್ದವಾದಷ್ಟೂ ಖುಷಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಒಂದೇ ತೊಂದರೆ ಎಂದರೆ ಈ ಸಲ ನನ್ನನ್ನು ಯಾರೂ ಕರೆದಿಲ್ಲ.

ಅವ್ವ ಹೋದ ಮೇಲೆ ಧಾರವಾಡದ ಬಾಡಿಗೆ ಮನೆ ಖಾಲಿ ಮಾಡಿದೆವು, ಅಲ್ಲಿಗೆ ನನ್ನ ತವರು ಗಂಟುಮೂಟೆ ಕಟ್ಟಿಕೊಂಡು ಅಣ್ಣ ವಿರುಪಾಕ್ಷನ ಹಿಂದೆ ಟ್ರುಗನಿನಾಕ್ಕೆ ಬಂತು, ಮೆಲ್ಬರ್ನಿನ ಅಂಚು, ಒಂದೇ ಅಚ್ಚಿನ ಮನೆಗಳು, ಆಚೆ ಗೋದಾಮುಗಳು, ಆದರೂ ಅದೇ ತವರು, ಅಣ್ಣ ಎಲ್ಲೋ ತವರು ಅಲ್ಲೇ. ಮತ್ತು ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳು ತಾನಾಗಿ ಹೊರಡುವುದಿಲ್ಲ, ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಬಾಗಿಲಲ್ಲಿ ನಿಂತು ಬಾರವ್ವಾ ಅನ್ನಬೇಕು. ಸೋದರಮಾವ ಈರಯ್ಯ ಪ್ರತಿವರ್ಷ ಬೆಳಗಾವಿಯಿಂದ ಕೆಂಪು ಬಸ್ಸು ಹಿಡಿದು ಬರುತ್ತಿದ್ದ, ಅವ್ವ ಟ್ರಂಕು ತುಂಬಿ ಮಂಚದ ಕೆಳಗೆ ಬಚ್ಚಿಟ್ಟು, ಅವನು ಬಂದು ಕರೆದ ಮೇಲೆ, ಇಷ್ಟು ಕೆಲಸ ಬಿಟ್ಟು ಹೆಂಗ ಬರ್ಲೋ ಯಪ್ಪಾ ಅಂತ ಮುಖ ಬಾಡಿಸಿಕೊಳ್ಳುತ್ತಿದ್ದಳು, ಮಾವನಿಗೂ ಗೊತ್ತು ಟ್ರಂಕು ಎಲ್ಲಿದೆ ಅಂತ, ಆದರೂ ಎರಡನೇ ಸಲ ಕರೆಯುತ್ತಿದ್ದ, ಮೂರನೇ ಸಲ ಕರೆಯುತ್ತಿದ್ದ, ಆ ಕರೆಸಿಕೊಳ್ಳುವುದರಲ್ಲೇ ಅರ್ಧ ಹಬ್ಬ. ವಿರುಪಣ್ಣ ಹೋದ ವರ್ಷ ಏನು ಮಾಡಿದ, ವಾಟ್ಸ್ಯಾಪಿನಲ್ಲಿ ವಿಮಾನದ ಟಿಕೆಟ್ ಕಳಿಸಿದ, ಕೆಳಗೊಂದು ಹೆಬ್ಬೆರಳಿನ ಚಿತ್ರ. ನಾ ಏನ್ ಪಾರ್ಸೆಲ್ಲೇನೋ ಯಣ್ಣಾ, ತರಸ್ಕೊಳ್ಳಾಕ, ಕರಿಯೂದಿದ್ರ ಬಾಗಲಕ್ಕ ಬಂದು ಕರಿ ಅಂದೆ ಫೋನಿನಲ್ಲಿ, ಅವನೂ ಅದೇ ಅವ್ವನ ಹಾಲು ಕುಡಿದವನು, ಏ ಶ್ವೇತಾ, ಸಿಡ್ನಿಯೊಳಗಿನ ನಿಮ್ಮ ಗಿರಾವೀನ್ ಏನ್ ಹುಬ್ಬಳ್ಳಿ ಬಾಜೂಕ ಐತೇನ, ಒಂಬೈನೂರು ಕಿಲೋಮೀಟರ್ ಐತಿ ಅಂದ, ಹಂಗಾರ ಬಿಡು ಅಂದೆ, ಬಿಟ್ಟ. ಬಿಟ್ಟೇಬಿಟ್ಟ, ಬಿಡು ಅಂದರೆ ಬಿಡುವ ಅಣ್ಣನನ್ನು ಯಾರಾದರೂ ಕಂಡಿದ್ದೀರಾ. ಆಮೇಲೆ ವರ್ಷವಿಡೀ ನಮ್ಮದು ಹವಾಮಾನ ವರದಿ, ಅಲ್ಲಿ ಥಂಡಿ ಐತೇನು, ಹ್ಞೂ ಥಂಡಿ ಐತಿ, ಇಲ್ಲಿ ಮಳಿ. ಈ ವರ್ಷ ನಾಡಿದ್ದು ಪಂಚಮಿ, ಟಿಕೆಟ್ಟೂ ಇಲ್ಲ, ಹೆಬ್ಬೆರಳೂ ಇಲ್ಲ.

ಅಮ್ಮಾ, ಐ ಆಮ್ ಹಂಗ್ರಿ, ಈಗಷ್ಟೇ ಬಾಳೆಹಣ್ಣು ತಿಂದೆಯಲ್ಲೇ, ಸರಿ, ಬುತ್ತಿ ಬಿಚ್ಚಿದೆ, ಕಡಕ್ ರೊಟ್ಟಿ ಲಟ್ಟನೆ ಮುರಿದ ಸದ್ದಿಗೆ ಬೋಗಿಯೆಲ್ಲ ತಿರುಗಿ ನೋಡಿತು, ನೋಡಲಿ, ಎಣಗಾಯಿಯ ವಾಸನೆಯೂ ಹೋಗಿ ಅವರನ್ನು ಮಾತಾಡಿಸಿ ಬರಲಿ. ಹ್ಯಾರಿಸ್ ಪಾರ್ಕಿನ ಅಂಗಡಿಯ ಜೋಳದ ಹಿಟ್ಟಿಗೆ ಜಿಗಿಯೇ ಇಲ್ಲ, ಬಿಸಿನೀರು ಹಾಕಿ ನಾದಿ ನಾದಿ ರಟ್ಟೆ ಬಿದ್ದುಹೋಯಿತು, ಆದರೂ ಮಾಡಿದೆ, ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು, ಒಂದು ಸಂಸಾರಕ್ಕಲ್ಲ, ಒಂದು ಓಣಿಗೆ ಆಗುವಷ್ಟು, ಕರೆ ಬಂದಿಲ್ಲ ಎಂದು ಕೈಗೆ ಯಾರು ಹೇಳಬೇಕು. ಅವತ್ತೇ ಇರಬೇಕು, ಹಿತ್ತಲಲ್ಲಿ ಬಟ್ಟೆ ಒಣಹಾಕುವ, ಛತ್ರಿಯಂತೆ ತಿರುಗುವ ಕಂಬಿಗೆ ಶಾಂಭವಿ ಜೋತುಬಿದ್ದು ಗಿರಗಿರ ತಿರುಗುತ್ತಿದ್ದಳು, ಇದು ಜೋಕಾಲಿ ಅಮ್ಮಾ, ಪಂಚಮಿ ಜೋಕಾಲಿ, ಮಾಮಾ ಗ್ಯಾರೇಜಲ್ಲಿ ಕಟ್ಟಿದ್ರಲ್ಲ ಹಾಗೆ, ನಾಲ್ಕು ವರ್ಷದವಳಿದ್ದಾಗ ನೋಡಿದ್ದು, ಮರೆತಿಲ್ಲ — ಕೈಯಲ್ಲಿದ್ದ ಉಂಡೆ ಹಾಗೇ ಉಳಿಯಿತು. ಹೆದರಿಕೆಯಾಯಿತು ನನಗೆ, ನಿಜ ಹೇಳಬೇಕೆಂದರೆ ಸಿಟ್ಟಲ್ಲ ಅದು, ಹೆದರಿಕೆ, ಹೋದ ವರ್ಷ ಹೋಗಲಿಲ್ಲ, ಈ ವರ್ಷವೂ ಹೋಗದಿದ್ದರೆ ಮುಂದಿನ ವರ್ಷ ಅದು ತವರಾಗಿ ಉಳಿಯುವುದಿಲ್ಲ, ಬರೀ ಒಂದು ಅಡ್ರೆಸ್ಸಾಗುತ್ತದೆ. ಕರೆಯದಿದ್ದರೆ ಬೇಡ, ನಾನೇ ಹೋಗಿ ಬಾಗಿಲು ಬಡಿದು, ಯಾಕೋ ಕರೀಲಿಲ್ಲ ಅಂತ ಬಾಯಿಗೆ ಬಂದಷ್ಟು ಬೈದು, ಆಮೇಲೆ ಊಟಕ್ಕೆ ಕೂರುವುದು. ಯೋಗೀಶನಿಗೂ ಬಾಯಿ ಬಿಡಬೇಡ ಎಂದು ಹೇಳಿ ಹೊರಟೆ.

ಅತ್ತ ಸಾಲಿನಲ್ಲಿ ಉಲ್ಲನ್ ಹೆಣೆಯುತ್ತಿದ್ದ ಬಿಳಿಯ ಅಜ್ಜಿಗೆ ಶಾಂಭವಿ ಉಂಡೆ ಒಯ್ದು ಕೊಟ್ಟಿದ್ದಾಳೆ, ಇಟ್ ಹ್ಯಾಸ್ ನಟ್ಸ್ ಎಂದು ಬೋಗಿಗೆಲ್ಲ ಕೇಳುವಂತೆ ಸಾರಿ, ಕೆಲವರಿಗೆ ಅಲರ್ಜಿಯಂತೆ, ಶಾಲೆಯಲ್ಲಿ ಕಲಿಸಿದ್ದು, ನಟ್ಸ್ ಅಲ್ಲದೆ ಇನ್ನೇನು, ಶೇಂಗಾ ಉಂಡೆಯಲ್ಲಿ ಶೇಂಗಾ ಇರದೆ ಸಿಮೆಂಟು ಇರುತ್ತದೆಯೇ. ಅಜ್ಜಿ ಕಚ್ಚಿದಳು, ಕಣ್ಣು ಮುಚ್ಚಿದಳು, ಇನ್ನೊಂದು ಸಿಗಬಹುದೇ ಎಂಬಂತೆ ನನ್ನ ಡಬ್ಬಿ ನೋಡಿದಳು, ನನಗೆ ಅಳು ಬರುವಷ್ಟು ಸಂತೋಷ. ಮಗಳು ವಾಪಸು ಬಂದವಳೇ, ಅಮ್ಮಾ, ಮಾಮಾಗೆ ನಾವು ಬರೋದು ಗೊತ್ತಾ, ಇಲ್ಲ ಕಂದಾ, ಸರ್‌ಪ್ರೈಸ್, ವಾಟ್ ಇಫ್ ಹಿ ಈಸ್ ನಾಟ್ ಹೋಮ್ — ಹೌದಲ್ಲ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ, ಹಬ್ಬದ ಹೊತ್ತಿಗೆ ಅಣ್ಣ ಮನೆಯಲ್ಲಿ ಇರದೆ ಎಲ್ಲಿ ಹೋದಾನು. ಗಾಡಿ ಕೂಟಮುಂಡ್ರದಲ್ಲಿ ನಿಂತಿತ್ತು, ಕೇಳಿದರೆ ನಮ್ಮ ಮುಂಡರಗಿಯ ಬೀಗರ ಊರಿನ ಹಾಗಿದೆ, ಫೋನಿಗೆ ಜೀವ ಬಂತು, ಅಣ್ಣನ ಹೆಂಡತಿ ಹೇಮಲತಾ ವೈನಿಗೆ ಹಚ್ಚಿದೆ, ಸುಮ್ನ ಮಾಡ್ದೆ ವೈನಿ, ಅಣ್ಣ ಅದಾನೇನು. ಅವರಾ, ಅವರು ಕೆಲಸದ ಮ್ಯಾಲೆ ಹೊರಗ ಹೋಗ್ಯಾರ ಶ್ವೇತಾ, ಎಲ್ಲಿಗ, ಅದೇ, ಕೆಲಸದ ಮ್ಯಾಲೆ, ನಾಡಿದ್ದು ಬರ್ತಾರ, ಅದಿರ್ಲಿ, ನೀ ಮನ್ಯಾಗ ಇದ್ದೀಯಿಲ್ಲೋ, ಎಲ್ಲೂ ಹೋಗಂಗಿಲ್ಲಲ್ಲ. ಇಲ್ಲ ವೈನಿ, ನಾ ಎಲ್ಲಿ ಹೋಗ್ಲಿ. ಗಾಡಿ ಗಡಗಡ ಹೊರಟಿತು, ಅದೇನ ಸಪ್ಪಳ. ವಾಷಿಂಗ್ ಮಷೀನ್ ವೈನಿ. ಹೌದಾ, ಒಗಿ ಒಗಿ, ಎಂದು ಗಡಬಡಿಸಿ ಇಟ್ಟುಬಿಟ್ಟಳು, ಎಲ್ಲೂ ಹೋಗಂಗಿಲ್ಲಲ್ಲ ಅಂತೆ, ಅಂದರೆ ನಾನು ಅಪ್ಪಿತಪ್ಪಿಯೂ ಬಂದುಬಿಡಬಾರದು, ತಿಳಿಯಿತು.

ತಿಳಿಯಿತು, ತಿಳಿಯಿತು ಎಂದು ಗಾಲಿಗಳು ಹೇಳುತ್ತಿವೆ, ಹಳದಿ ಹೂವಿನ ಹೊಲ, ಹಸಿರು, ಹಳದಿ, ಎಷ್ಟು ಚಂದ, ಯಾರಿಗೆ ಬೇಕು ಚಂದ, ಹಬ್ಬ ಬಿಟ್ಟು ಕೆಲಸಕ್ಕೆ ಹೋದನಂತೆ, ನಾನು ಇಡೀ ದಿನ ಕೂತು, ಈ ಡಬ್ಬಿಗಳನ್ನು ಹೊತ್ತು, ಕರೆಯದವನ ಖಾಲಿ ಕುರ್ಚಿ ನೋಡಲು ಹೊರಟಿದ್ದೇನೆ, ತೊಡೆಯ ಮೇಲೆ ಮಗಳ ತಲೆ ಭಾರವಾಗಿದೆ. ಜುನೀ ಹತ್ತಿರ ಗಾಡಿ ನಿಧಾನವಾಗಿ ನಿಂತಿತು, ಸ್ಪೀಕರಿನಲ್ಲಿ ಒಬ್ಬ ಕ್ಷಮೆ ಕೇಳಿ, ಮೆಲ್ಬರ್ನಿನಿಂದ ಸಿಡ್ನಿಗೆ ಹೋಗುವ ಗಾಡಿ ದಾಟಬೇಕು ಎಂದ, ಕ್ರಾಸಿಂಗ್, ಗದಗದ ಗಾಡಿಗೆ ಅಣ್ಣಿಗೇರಿಯಲ್ಲಿ ಕ್ರಾಸಿಂಗ್ ಬಿದ್ದರೆ ಅಪ್ಪ ಇಳಿದು ಚಹಾ ಕುಡಿದು ಬರುತ್ತಿದ್ದ, ಇಲ್ಲಿ ಬಾಗಿಲೇ ತೆರೆಯುವುದಿಲ್ಲ, ತೆರೆದರೆ ಇಳಿದು ಎದುರಿನ ಗಾಡಿ ಹತ್ತಿ ಮನೆಗೆ ಹೋಗಿಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಬಂತು ಅದು, ತೆವಳುತ್ತಾ ಬಂತು, ಶಾಂಭವಿ ಎದ್ದು ಕೂತು ಒಂದೊಂದು ಕಿಟಕಿಗೂ ಹಾಯ್ ಅನ್ನುತ್ತಿದ್ದಾಳೆ, ಟೋಪಿಯ ತಾತನಿಗೆ, ಪೇಪರ್ ಓದುವವಳಿಗೆ, ನಿದ್ದೆಯ ಹುಡುಗನಿಗೆ, ನಿಂತಿತು, ಕಿಟಕಿಗೆ ಕಿಟಕಿ, ಎರಡು ಮೊಳ ಗಾಳಿ ನಡುವೆ, ಹಾಯ್ ಮಾಮಾ ಅಂದಳು, ಯಾವ ಮಾಮಾನೇ, ಇಲ್ಲಿ ಯಾವ — ಮಾಮಾ, ಅಮ್ಮಾ, ನಮ್ ಮಾಮಾ.

ವಿರುಪಣ್ಣ. ಗಾಜಿನ ಆಚೆ ವಿರುಪಣ್ಣ, ತೊಡೆಯ ಮೇಲೆ ಬಿಚ್ಚಿದ ಬುತ್ತಿ, ಒಂದು ಕೆನ್ನೆ ಉಬ್ಬಿದೆ, ಅಗಿಯುವುದು ನಿಂತಿದೆ, ಪಕ್ಕದಲ್ಲಿ ಸೀರೆ ಅಂಗಡಿಯ ಚೀಲ, ಕೆಲಸದ ಮೇಲೆ ಹೋದವನು, ಎಲ್ಲೂ ಹೋಗಂಗಿಲ್ಲಲ್ಲ ಎಂದು ವೈನಿ ಕೇಳಿದ್ದು ಇದಕ್ಕೆ, ಸಿಡ್ನಿಗೆ, ಗಿರಾವೀನಿಗೆ, ಒಂಬೈನೂರು ಕಿಲೋಮೀಟರ್ ನೆಲದ ಮೇಲೆ, ಬಾಗಿಲಿಗೆ ಬಂದು ಕರೆಯಲು, ನನ್ನನ್ನು, ಮತ್ತು ಬಾಗಿಲಲ್ಲಿ ಯೋಗೀಶ ಒಬ್ಬನೇ ಉಪ್ಪಿಟ್ಟು ಮಾಡಿಕೊಂಡು ಇರುತ್ತಾನೆ, ನಗು ಬರುತ್ತಿದೆ, ಕಣ್ಣು ಯಾಕೆ ತುಂಬುತ್ತಿದೆ, ನಗುವೇ ಇದು, ಅವನೂ ನಗುತ್ತಿದ್ದಾನೆ, ಎದ್ದ, ಮೇಲಿನ ಸಾಮಾನಿನ ಹಲಗೆಗೆ ತಲೆ ಬಡಿಸಿಕೊಂಡ, ಏನೋ ಅನ್ನುತ್ತಿದ್ದಾನೆ, ಕೇಳುವುದಿಲ್ಲ, ಎರಡು ಗಾಜು, ಕೈ ಎತ್ತಿದ, ಚಟ್ನಿ ಮೆತ್ತಿದ ಕೈ, ಅಂಗೈ ಕೆಳಗೆ ಮಾಡಿ ಬೆರಳು ಮಡಿಸಿ, ಬಾ, ಬಾ, ಉಲ್ಲನ್ನಿನ ಅಜ್ಜಿಯೂ ಅವನಿಗೆ ಕೈ ಬೀಸಿದಳು, ಶಾಂಭವಿ ಸೀಟಿನ ಮೇಲೆ ಕುಣಿಯುತ್ತಿದ್ದಾಳೆ, ಹಿ ಈಸ್ ಗೋಯಿಂಗ್ ದ ರಾಂಗ್ ವೇ ಅಮ್ಮಾ, ಅವನ ಗಾಡಿ ಅಲುಗಿತು ನನ್ನ ಮನೆಯ ಕಡೆಗೆ, ನನ್ನದು ಅಲುಗಿತು ಅವನ ಮನೆಯ ಕಡೆಗೆ, ಗಾಜಿನ ಮೇಲೆ ಆ ಕೈ, ಚಟ್ನಿಯ ಐದು ಬೆರಳು, ಬಾ, ದೂರವಾಗುತ್ತಾ, ಬಾ, ಆ ಕೈ —